ಕ್ರೋಪಾಚೆಕ್ ಆಡದ ಕುದುರೆ

ಆಟ ಹೊತ್ತಿಗೆ ಸರಿಯಾಗಿ ಮುಗಿದಿದ್ದರೆ ಈ ರಾಮಾಯಣವೇ ಇರುತ್ತಿರಲಿಲ್ಲ. ಮುಗಿಯಲಿಲ್ಲ. ಮಧ್ಯಾಹ್ನ ಒಂದಕ್ಕೆ ಮೇಲ್ವಿಚಾರಕರು ಗಡಿಯಾರ ನಿಲ್ಲಿಸಿ, ಉಳಿದದ್ದು ಸಂಜೆ ಐದಕ್ಕೆ ಎಂದರು. ಹೀಗಾದಾಗ ಸರದಿ ಯಾರದೋ ಅವರು ತಮ್ಮ ಮುಂದಿನ ನಡೆಯನ್ನು ಚೀಟಿಯಲ್ಲಿ ಬರೆದು, ಲಕೋಟೆಯಲ್ಲಿಟ್ಟು ಅಂಟಿಸಿ ಕೊಡಬೇಕು. ಸಂಜೆಯವರೆಗೆ ಅದು ಯಾರಿಗೂ ತಿಳಿಯಕೂಡದು. ಸರದಿ ಆಡಲ್ಬರ್ಟ್ ಕ್ರೋಪಾಚೆಕ್ ಅವರದಾಗಿತ್ತು. ರಾಜನನ್ನು ಒಂದು ಮನೆ ಹಿಂದಕ್ಕೆ ಸರಿಸುವುದೆಂದು ಬರೆದು, ಲಕೋಟೆ ಕೊಟ್ಟು, ಆಕಳಿಸಿದರು.

ಕ್ರೋಪಾಚೆಕ್ ಅವರಿಗೆ ಆಗ ನಲವತ್ತೆಂಟು. ಚದುರಂಗದ ಮಾಸ್ಟರ್ ಎಂದು ಪತ್ರಿಕೆಗಳು ಬರೆಯುತ್ತಿದ್ದವು. ಪತ್ರಿಕೆಗಳಿಗೇನು, ಬರೆಯುತ್ತವೆ. ಇಪ್ಪತ್ತೆರಡು ವರ್ಷ ವಿಯೆನ್ನಾದ ಕೆಫೆಗಳ ಹೊಗೆ ಕುಡಿದು ಆಡಿದ ಆ ಮನುಷ್ಯನಿಗೆ ಸ್ವಂತದ್ದೊಂದು ಹಾಸಿಗೆ ಇರಲಿಲ್ಲ. ಒಟ್ಟಾಕ್ರಿಂಗ್ ಬಡಾವಣೆಯಲ್ಲಿ ಫ್ರಾವ್ ಜೆಲಿಂಗರ್ ಎಂಬ ವಿಧವೆಯ ಮನೆಯಲ್ಲಿ ಅರ್ಧ ಹಾಸಿಗೆ ಬಾಡಿಗೆಗೆ ಹಿಡಿದಿದ್ದರು. ಅರ್ಧ ಎಂದರೆ ಅಗಲದಲ್ಲಲ್ಲ, ಹೊತ್ತಿನಲ್ಲಿ. ರಾತ್ರಿ ಇವರದು, ಬೆಳಿಗ್ಗೆ ಆರರಿಂದ ರಾತ್ರಿಪಾಳಿ ಮುಗಿಸಿ ಬರುವ ಬೇಕರಿಯ ವೊಂದ್ರಾಕ್‌ನದು. ಇವರ ಆಟಗಳೋ ನಡುರಾತ್ರಿ ದಾಟುವಂಥವು. ಹಾಗಾಗಿ ಆ ಹಾಸಿಗೆಯ ಸುಖವನ್ನೆಲ್ಲ ವೊಂದ್ರಾಕನೇ ಉಣ್ಣುತ್ತಿದ್ದ.

ಈಗ ಪಾರಾಗುವ ಒಂದು ದಾರಿ ಕಂಡಿತ್ತು. ಚದುರಂಗ ಕ್ಲಬ್ಬಿಗೆ ಪುಸ್ತಕಗಳನ್ನು ನೋಡಿಕೊಳ್ಳುವ ಕಾರ್ಯದರ್ಶಿ ಬೇಕಾಗಿದ್ದರು. ಮಹಡಿಯ ಮೇಲೆ ಬೆಚ್ಚನೆಯ ಕೋಣೆ, ಅದರಲ್ಲಿ ಇಪ್ಪತ್ತನಾಲ್ಕು ಗಂಟೆಯ ಹಾಸಿಗೆ. ಅಧ್ಯಕ್ಷರಾದ ಬ್ಯಾರನ್ ಎಟ್ಟೆನ್‌ಫೆಲ್ಡ್ ಬೆಳಿಗ್ಗೆಯೇ ಇವರನ್ನು ಕರೆದು, ನಮಗೆ ಆಟದ ಹುಚ್ಚು ಪೂರ್ತಿ ಇಳಿದ ಮನುಷ್ಯ ಬೇಕು, ಪಂದ್ಯಾವಳಿಯ ಇವತ್ತಿನ ಕೊನೆಯ ಆಟವನ್ನು ಸಮ ಮಾಡಿಕೊಂಡು ಮೂರನೇ ಸ್ಥಾನದಲ್ಲಿ ಮರ್ಯಾದೆಯಾಗಿ ಮುಗಿಸಿ, ಆರಕ್ಕೆ ಬಂದು ಬೀಗದ ಕೈ ತಗೊಳ್ಳಿ ಎಂದಿದ್ದರು. ಎದುರಾಳಿ ಬುಡಾಪೆಸ್ಟಿನ ಮುದುಕ ಸಿಲ್ವಾಯಿ. ಆಟ ಸಮವಾಗುವುದರಲ್ಲಿ ಅನುಮಾನವೇ ಇರಲಿಲ್ಲ. ನಾಲ್ಕು ಗಂಟೆ ಹೊತ್ತು ಕಳೆದರೆ ಸಾಕಿತ್ತು.

ನಿದ್ದೆಯಾದರೂ ಮಾಡೋಣವೆಂದು ಹಿಮ ತುಳಿದುಕೊಂಡು ಮನೆಗೆ ಹೋದರು. ಫ್ರಾವ್ ಜೆಲಿಂಗರ್ ಬಾಗಿಲಲ್ಲೇ ತಡೆದಳು.

“ಹಗಲು ಹೊತ್ತು ಯಾಕ್ರೀ ಬಂದ್ರಿ? ಅವ್ನು ಮಲಗಿದಾನೆ.”

“ಕುರ್ಚಿ ಮೇಲೆ ಅರ್ಧ ಗಂಟೆ ಕೂತ್ಕೋತೀನಿ, ತಾಯಿ.”

“ಕುರ್ಚಿ ಮೇಲೆ ಅವನ ಪ್ಯಾಂಟಿದೆ.”

ಪ್ಯಾಂಟನ್ನು ಗೋಡೆಯ ಮೊಳೆಗೆ ನೇತು ಹಾಕಬಹುದಲ್ಲ ಎಂದು ಇವರು ಕೇಳಿದ್ದಕ್ಕೆ, ಆ ಮೊಳೆಯೂ ಹಗಲು ಅವನದೇ ಎಂದು ಉತ್ತರ ಬಂತು. ಕ್ರೋಪಾಚೆಕ್ ಬಂದ ದಾರಿ ಹಿಡಿದರು.

ಆಟ ನಡೆಯುತ್ತಿದ್ದ ಕ್ಲಬ್ಬಿನ ಕೆಫೆಯ ಮೂಲೆಯ ಬೆಂಚಿನಲ್ಲಿ ಕೂತು ಟೊಪ್ಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡರು. ಆದರೆ ನಮ್ಮ ಕೆಫೆಗಳಲ್ಲಿ ಆಡುವವರು ಇಬ್ಬರಾದರೆ ಬೆನ್ನ ಹಿಂದೆ ನಿಂತು ಬುದ್ಧಿ ಹೇಳುವವರು ಹನ್ನೆರಡು ಜನ. ಅವರಿಗೆಲ್ಲ ದೊಡ್ಡಣ್ಣ ಕೈಗವಸು ಮಾರುವ ಮಾಂಡ್ಲ್. ಒಂದು ಕಾಫಿ ತರಿಸಿ ನಾಲ್ಕು ಲೋಟ ನೀರು ಕುಡಿದು ದಿನ ದೂಡುವ ಆಸಾಮಿ. ಸ್ವತಃ ಆಡಿದರೆ ಹದಿನೈದನೇ ನಡೆಗೆ ಮಣ್ಣು ಮುಕ್ಕುತ್ತಾನೆ, ಆದರೆ ಬೇರೆಯವರ ಆಟದಲ್ಲಿ ಅವನಿಗೆ ಕಾಣದ ಗೆಲುವಿಲ್ಲ. ಕಾಯಿಗಳನ್ನು ಜೋಡಿಸಿಕೊಂಡು ಪಕ್ಕಕ್ಕೇ ಬಂದು ಕೂತ. ಲಕೋಟೆಯಲ್ಲಿ ಏನಿದೆ, ಆನೆಯೋ, ಒಂಟೆಯೋ, ಕಾಲಾಳೋ, ನಮ್ಮವನೇ ಅಂದ್ಕೊಂಡು ಹೇಳಿ ಎಂದು ಎರಡು ಗಂಟೆಯಿಂದ ಮೂರೂವರೆವರೆಗೆ ಜೀವ ತಿಂದ. ಕ್ರೋಪಾಚೆಕ್ ರೆಪ್ಪೆ ಮುಚ್ಚಿದಾಗಲೆಲ್ಲ ತೋಳು ಅಲುಗಿಸುತ್ತಿದ್ದ. ಪಾಪ, ಆ ಮನುಷ್ಯನನ್ನು ಕಂಡರೆ ಕಲ್ಲಿಗೂ ಕರುಣೆ ಬರುತ್ತಿತ್ತು. ಮಾಂಡ್ಲ್‌ಗೆ ಬರಲಿಲ್ಲ.

“ಕುದುರೆ ಬಲಿ ಕೊಟ್ಟಿದೀರಿ ಅಲ್ವಾ, ಮಾಸ್ಟ್ರೇ? ನಂಗೊತ್ತು. ಹೂಂ ಅನ್ನಿ ಸಾಕು, ಎದ್ದು ಹೋಗ್ತೀನಿ.”

“ಹೂಂ ಕಣಪ್ಪ,” ಎಂದರು ಕ್ರೋಪಾಚೆಕ್. “ಕುದುರೇನೇ. ಹೋಗು ಮಾರಾಯ.”

ಯಾರಿಗೂ ಹೇಳುವುದಿಲ್ಲವೆಂದು ಮಾಂಡ್ಲ್ ಅಮ್ಮನ ಆಣೆ ಇಟ್ಟು ಎದ್ದ. ಕಾಲು ಗಂಟೆಯಲ್ಲಿ ಇಡೀ ಕೆಫೆಗೆ ಗೊತ್ತಾಯಿತು. ಎಂಟು ಮಣೆಗಳ ಮೇಲೆ ಆ ಕುದುರೆ ಕುಣಿಯಿತು, ಎಂಟರಲ್ಲೂ ಗೆದ್ದಿತು. ಒಬ್ಬೊಬ್ಬರಾಗಿ ಬಂದು ಕೈ ಕುಲುಕಿ ಕ್ರೋಪಾಚೆಕ್ ಅವರನ್ನು ಎಬ್ಬಿಸಿದರು. ಸುಳ್ಳು ಹೇಳಿದೆ ಎನ್ನಲು ಅವರಿಗೆ ನಾಲಿಗೆಯಲ್ಲಿ ತ್ರಾಣವಿರಲಿಲ್ಲ. ಹೇಗಿದ್ದರೂ ಐದಕ್ಕೆ ಲಕೋಟೆ ಒಡೆಯುತ್ತದಲ್ಲ ಎಂದುಕೊಂಡರು.

ಐದಕ್ಕೆ ಸಿಲ್ವಾಯಿ ಬಂದು ಕುರ್ಚಿಯಲ್ಲಿ ಕೂರಲೇ ಇಲ್ಲ. ತಮ್ಮ ರಾಜನನ್ನು ಮೆಲ್ಲಗೆ ಮಲಗಿಸಿ ಕೈ ಚಾಚಿದರು. “ಎಲ್ಲಾ ಕೇಳ್ದೆ. ಮೂರು ಸಲ ಜೋಡಿಸಿ ನೋಡ್ದೆ, ಆ ಕುದುರೆಗೆ ನನ್ಹತ್ರ ಉತ್ತರ ಇಲ್ಲ. ಸೋತೆ.”

ಕ್ರೋಪಾಚೆಕ್ ಅವರ ನಿದ್ದೆ ಹಾರಿಹೋಯಿತು. ಕುದುರೆಯೂ ಇಲ್ಲ, ಕತ್ತೆಯೂ ಇಲ್ಲ, ಆಟ ಸಮ, ಲಕೋಟೆ ಒಡೆಯಿರಿ ಎಂದು ಗೋಗರೆದರು. ಒಡೆದರು. ರಾಜ ಒಂದು ಮನೆ ಹಿಂದಕ್ಕೆ. ಆದರೆ ಸೋತೆ ಎಂದು ಬಾಯಿಬಿಟ್ಟು ಹೇಳಿದ ಮೇಲೆ ಮುಗಿಯಿತು, ಗೆಲುವನ್ನು ವಾಪಸು ಕೊಡುವ ನಿಯಮ ಇಲ್ಲ ಎಂದರು ಮೇಲ್ವಿಚಾರಕರು. ಈ ಗೆಲುವಿನಿಂದ ಕ್ರೋಪಾಚೆಕ್ ಒಡೆಸ್ಸಾದ ಆಟಗಾರನೊಂದಿಗೆ ಮೊದಲ ಸ್ಥಾನಕ್ಕೆ ಸಮವಾಗಿದ್ದರು. ಇಬ್ಬರ ನಡುವೆ ಹತ್ತು ಆಟಗಳ ಪಂದ್ಯ, ನಾಳೆ ಬೆಳಿಗ್ಗೆ ಒಂಬತ್ತರಿಂದ. ಆ ಒಡೆಸ್ಸಾದವನು ಒಂದು ಕಾಲಾಳು ನೂಕಲು ಮುಕ್ಕಾಲು ಗಂಟೆ ಯೋಚಿಸುವ ಪುಣ್ಯಾತ್ಮ. ಮಾಂಡ್ಲ್ ಚಪ್ಪಾಳೆ ಶುರುಮಾಡಿದ.

ಬ್ಯಾರನ್ ಕೂಡ ಮೆಚ್ಚಿ ಬೆನ್ನು ತಟ್ಟಿದರು. “ನಿಮ್ಮಂಥೋರನ್ನ ಪುಸ್ತಕದ ಧೂಳು ಒರೆಸೋಕೆ ಕೂರಿಸಿದ್ರೆ ಊರು ನನ್ನ ಉಗಿಯುತ್ತೆ. ಆ ಕೆಲಸ ಸಿಲ್ವಾಯಿಯವ್ರಿಗೆ ಕೊಟ್ಟೆ. ನಡೇನ ನೋಡ್ದೇನೇ ಸೋಲೊಪ್ಕೊಂಡ್ರಲ್ಲ, ಆಟದ ಹುಚ್ಚು ಇಳಿದೋರು ಅಂದ್ರೆ ಅವ್ರು.”

ಬೀಗದ ಕೈ ಮುದುಕರ ಜೇಬು ಸೇರಿತು. ಕ್ರೋಪಾಚೆಕ್ ಅವರಿಗೆ ಅಳು ಬಂತು. ಸಿಲ್ವಾಯಿ ಒಳ್ಳೆಯವರು, ಇವರ ಮುಖ ನೋಡಿ ಕರಗಿ, “ಬನ್ನಿ, ಒಂದೆರಡು ಗಂಟೆ ನನ್ನ ಕೋಣೇಲಿ ಒರಗಿಕೊಳ್ಳಿ,” ಎಂದು ಕೈ ಹಿಡಿದು ಮಹಡಿ ಹತ್ತಿಸಿದರು. ಕೋಣೆ ಬೆಚ್ಚಗಿತ್ತು. ದಪ್ಪ ರಜಾಯಿ ಹೊದಿಸಿದ ಹಾಸಿಗೆ ಇತ್ತು. ಕ್ರೋಪಾಚೆಕ್ ಬೂಟು ಕಳಚಿ, ಇನ್ನೇನು ತಲೆ ಊರಬೇಕು, ಅಷ್ಟರಲ್ಲಿ ಸಿಲ್ವಾಯಿ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ದಿಂಬನ್ನು ಪಕ್ಕಕ್ಕೆ ಸರಿಸಿ, ಆ ಜಾಗದಲ್ಲಿ ಚದುರಂಗದ ಮಣೆ ಇಟ್ಟರು.

“ರಾಜ ಹಿಂದಕ್ಕೆ ಬಂದ ಅಂತಿಟ್ಕೊಳ್ಳಿ,” ಎಂದರು ಕಾಯಿ ಜೋಡಿಸುತ್ತ. “ನಾನು ಹೇಗೆ ಗೆಲ್ತಿದ್ದೆ ಅಂತ ತೋರಿಸ್ತೀನಿ, ನೋಡಿ.”