ಲಿಂಗಮ್ಮನ ತೊಡೆಮೂಳೆ

ಎರಡನೇ ಶನಿವಾರ ಬೆಳಿಗ್ಗೆ ಹೇರೋಹಳ್ಳಿಯ ಲಿಂಗಮ್ಮ ಮೂಳೆಸವೆತಕ್ಕೆಂದು ವಾರಕ್ಕೊಮ್ಮೆ ತೆಗೆದುಕೊಳ್ಳುವ ಮಾತ್ರೆ ನುಂಗಿ, ಲೋಟ ಕೆಳಗಿಟ್ಟು, "ಬಲಗಡೆ ತೊಡೆ ಯಾಕೋ ಸಣ್ಣಗೆ ನೋಯ್ತದೆ" ಎಂದರು. ಅಂದದ್ದು ಅಷ್ಟೇ. ಅವರ ಮಗ ಮುನಿರಾಜು, ಸಹಕಾರ ಸಂಘದ ಗುಮಾಸ್ತ, ಮಾಡಬಾರದ್ದನ್ನು ಮಾಡಿದ. ಮಾತ್ರೆಯ ಹೆಸರನ್ನು ಮೊಬೈಲಿನಲ್ಲಿ ಹುಡುಕಿದ.

ಓದುತ್ತ ಓದುತ್ತ ಅವನ ಬಾಯಿ ತೆರೆದುಕೊಂಡಿತು. ಮೂಳೆ ಗಟ್ಟಿ ಮಾಡುವ ಈ ಜಾತಿಯ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದ ಕೆಲವರಿಗೆ ಬೀಳದೆ, ಜಾರದೆ, ನಿಂತಲ್ಲೇ ತೊಡೆಮೂಳೆ ಮುರಿದಿತ್ತು. ಅಮೆರಿಕದಲ್ಲಿ ಎಷ್ಟೋ ಹೆಂಗಸರು ಕಂಪನಿಯ ಮೇಲೆ ಕೇಸು ಹಾಕಿದ್ದರು. ಎಚ್ಚರಿಕೆಯನ್ನು ಮೊದಲೇ ಯಾಕೆ ಬರೆಯಲಿಲ್ಲ ಎಂಬ ಜಗಳ ಆ ದೇಶದ ಅತಿ ದೊಡ್ಡ ಕೋರ್ಟಿನವರೆಗೂ ಹೋಗಿತ್ತು. ಅವರೆಕಾಳಿನಷ್ಟು ಮಾತ್ರೆಗೆ ಇಷ್ಟು ದೊಡ್ಡ ಕೋರ್ಟೇ ಎಂದು ಮುನಿರಾಜು ಬೆರಗಾದ. ಹೀಗಾಗುವುದು ಬಹಳ ಅಪರೂಪ ಎಂದೂ ಅಲ್ಲೇ ಬರೆದಿತ್ತು. ಅದು ಅವನ ಕಣ್ಣಿಗೆ ಬೀಳಲಿಲ್ಲ.

"ಅವ್ವ, ಅಲ್ಲಾಡ್ಬೇಡ."

"ಯಾಕ್ಲಾ, ಹಲ್ಲಿ ಬಿತ್ತಾ ನನ್ಮೇಲೆ?"

ಕರಿಬೇವಿಗೆಂದು ಬಂದ ಪಕ್ಕದ ಮನೆಯ ರಾಮಕ್ಕನಿಗೆ ವಿಷಯ ತಿಳಿಯಿತು. ಮಂಡಿ ನೋವಿಗೆ ಆಗಲಿ ಎಂದು ಆಕೆ ಕಾಫಿಪುಡಿ ಇಸಕೊಳ್ಳುವ ಹಾಗೆ ಲಿಂಗಮ್ಮನಿಂದ ನಾಲ್ಕು ಮಾತ್ರೆ ಇಸಕೊಂಡು ನುಂಗಿದ್ದರು. ಈಗ ಎರಡು ಕಾಲನ್ನೂ ನೆಟ್ಟಗೆ ಚಾಚಿ ಜಗುಲಿಯ ಮೇಲೆ ಕೂತುಬಿಟ್ಟರು. ತಾವೇ ಎದ್ದು ಮನೆಗೆ ಹೋಗುವ ಧೈರ್ಯ ಅವರಿಗೆ ಉಳಿದಿರಲಿಲ್ಲ.

ಮಹಡಿಯ ಬಾಡಿಗೆ ಮನೆಯಿಂದ ವಕೀಲ ಕೊಟ್ರಪ್ಪ ಇಳಿದು ಬಂದರು. ಹನ್ನೆರಡು ವರ್ಷದ ವಕೀಲಿಯಲ್ಲಿ ಅವರಿಗೆ ಸಿಕ್ಕಿದ್ದೆಲ್ಲ ಮಿಕ್ಸಿ, ಫ್ರಿಜ್ಜುಗಳ ಗ್ರಾಹಕ ಕೇಸು. ಅಮೆರಿಕ ಎಂದದ್ದೇ ಅವರ ಮುಖ ದೀಪ ಹಚ್ಚಿದ ಹಾಗಾಯಿತು.

"ಮೂಳೆ ಮುರಿದಿದೆಯಾ?"

"ಇಲ್ಲ ಸಾರ್."

"ಇನ್ನೂ ಇಲ್ಲ" ಎಂದು ಅವರು ಡೈರಿಯಲ್ಲಿ ಬರೆದುಕೊಂಡರು. ವಕಾಲತ್ತಿಗೆ ಲಿಂಗಮ್ಮನ ಸಹಿ ಬಿತ್ತು. ಯಾರ ಮೇಲೆ ಕೇಸು ಎಂದು ಲಿಂಗಮ್ಮ ಕೇಳಲಿಲ್ಲ. ಯಾರ ಮೇಲಾದರೂ ಆಗಬಹುದಿತ್ತು.

ರಾಮಕ್ಕನನ್ನು ಜಗುಲಿಯಲ್ಲೇ ಬಿಟ್ಟು ತಾಯಿ, ಮಗ, ವಕೀಲರು ಮೂವರೂ ಆಟೋದಲ್ಲಿ ಬಸವೇಶ್ವರನಗರದ ಮೂಳೆ ಡಾಕ್ಟರ ಹತ್ತಿರ ಹೊರಟರು. ಹೇರೋಹಳ್ಳಿಯ ರಸ್ತೆ ಹೇರೋಹಳ್ಳಿಯ ರಸ್ತೆಯಾಗಿಯೇ ಇತ್ತು. ಪ್ರತಿ ಗುಂಡಿಗೂ ಮುನಿರಾಜು ತನ್ನ ಎರಡು ಅಂಗೈಗಳನ್ನು ತಾಯಿಯ ತೊಡೆಯ ಕೆಳಗೆ ಒಡ್ಡುತ್ತಿದ್ದ. ಹತ್ತನೇ ಗುಂಡಿಗೆ ಲಿಂಗಮ್ಮ ಅವನ ತಲೆಗೆ ಮೊಟಕಿದರು.

ಮೊದಲ ಮಹಡಿಯ ಆ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದರು. ಕಪ್ಪಿನ ನಡುವೆ ಬೆಳ್ಳಗೆ ಒಂದು ಮೂಳೆ ನಿಂತಿತ್ತು. ಮುನಿರಾಜು ಹತ್ತಿರ ಬಾಗಿ ನೋಡಿದ. ರಾಗಿ ತೆನೆಯ ಹೊರೆ, ನೀರಿನ ಕೊಡಗಳು, ಆಮೇಲೆ ಅವನು, ಎಲ್ಲದರ ಭಾರವೂ ಇದರ ಮೇಲೆ ಇತ್ತು. ಎಪ್ಪತ್ತೊಂದು ವರ್ಷ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಬಿರುಕಿಲ್ಲ, ಆದರೆ ಹೊರ ಅಂಚು ಒಂದು ಕಡೆ ದಪ್ಪವಾಗಿದೆ, ಇದು ಎಚ್ಚರಿಕೆ ಎಂದರು ಡಾಕ್ಟರಮ್ಮ. ಮಾತ್ರೆ ಎಷ್ಟು ವರ್ಷದಿಂದ ಎಂದು ಕೇಳಿದರು.

"ಹತ್ತು ವರ್ಷ ಮೇಡಂ. ಒಂದು ಶನಿವಾರವೂ ತಪ್ಪಿಸಿಲ್ಲ" ಎಂದ ಮುನಿರಾಜು, ಹೆಮ್ಮೆಯಿಂದ.

ಅವರು ಕನ್ನಡಕ ತೆಗೆದು ಚೀಟಿ ಕೇಳಿದರು. ಮುನಿರಾಜು ಕೊಟ್ಟ. ಔಷಧಿ ಅಂಗಡಿಯಲ್ಲಿ ಪ್ರತಿ ತಿಂಗಳೂ ತೋರಿಸಿ ತೋರಿಸಿ ಅದು ಮಡಿಕೆಯಲ್ಲಿ ಹರಿಯತೊಡಗಿದಾಗ, ಅವನೇ ಸಂಘದ ಮೆಷಿನ್ನಿನಲ್ಲಿ ಅದಕ್ಕೆ ಲ್ಯಾಮಿನೇಷನ್ ಮಾಡಿಸಿದ್ದ. ಹತ್ತು ವರ್ಷದ ಹಿಂದಿನ ಚೀಟಿ ಹೊಸ ಆಧಾರ್ ಕಾರ್ಡಿನಂತೆ ಹೊಳೆಯುತ್ತಿತ್ತು. ಡಾಕ್ಟರಮ್ಮ ಕೆಳಗಿನ ಗೀಚನ್ನು ಓದಿದರು: "ಒಂದು ವರ್ಷ ಮಾತ್ರ. ನಂತರ ತಪ್ಪದೆ ಬಂದು ತೋರಿಸಿ."

"ಅದು ಸಹಿ ಅಂದ್ಕೊಂಡಿದ್ದೆ ಮೇಡಂ."

ಕೊಟ್ರಪ್ಪ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಕಂಪನಿಯವರು ಈಗ ಮಾತ್ರೆ ಜೊತೆ ಬರೋ ಕಾಗದದಲ್ಲಿ ಎಚ್ಚರಿಕೆ ಅಚ್ಚು ಹಾಕಿದಾರೆ. ಡಾಕ್ಟ್ರು ಕೈಯಾರೆ ಬರೆದಿದಾರೆ. ಅಂಗಡಿಯವನು ಚೀಟಿ ನೋಡದೆ ಒಂದು ದಿನಾನೂ ಕೊಟ್ಟಿಲ್ಲ. ಲಿಂಗಮ್ಮನೋರೆ, ಕೇಸು ಇದೆ. ಆದ್ರೆ ಹಾಕೋದಾದ್ರೆ ಈ ನಿಮ್ಮ ಮಗನ ಮೇಲೇ ಹಾಕ್ಬೇಕು."

ಲಿಂಗಮ್ಮ ಮಗನನ್ನು ಮೇಲಿಂದ ಕೆಳಗೆ ನೋಡಿದರು. ಮುನಿರಾಜು ಬೆವರಿದ.

"ಬ್ಯಾಡ ಬುಡಿ" ಎಂದರು ಕೊನೆಗೆ. "ರಾಜಿ ಮಾಡ್ಕೊತೀನಿ."

ಮಾತ್ರೆ ಅವತ್ತಿಗೇ ನಿಂತಿತು. ಇನ್ನೊಂದು ಸ್ಕ್ಯಾನ್ ಆಗಿ ಖಾತ್ರಿಯಾಗುವವರೆಗೆ ಬಲಗಾಲಿನ ಮೇಲೆ ಭಾರ ಹಾಕಬಾರದು ಎಂದು ಡಾಕ್ಟರಮ್ಮ ಹೇಳಿದರು. ಲಿಫ್ಟು ಕೆಟ್ಟಿತ್ತು. ಹತ್ತು ನಿಮಿಷ ಇರಿ, ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಇಳಿಸುತ್ತಾರೆ ಎಂದರು ನರ್ಸು.

ಮುನಿರಾಜುವಿಗೆ ಹತ್ತು ನಿಮಿಷ ಕಾಯುವ ಮುಖವಿರಲಿಲ್ಲ. ಬಾಗಿ ತಾಯಿಯನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡ. ಎಷ್ಟು ಭಾರ ಎಂದು ಅವನಿಗೆ ದಿಗಿಲಾಯಿತು, ಮರುಕ್ಷಣ ಕಣ್ಣು ತುಂಬಿತು. ಒಂದು ಮೆಟ್ಟಿಲು ಇಳಿದ. ಎರಡು. ಮೂರನೆಯದರಲ್ಲಿ ಲಟಕ್ ಎಂದಿತು.

ಡಾಕ್ಟರಮ್ಮ ಬಾಗಿಲಿಗೆ ಓಡಿ ಬಂದರು. ಕೊಟ್ರಪ್ಪನ ಕೈಯಿಂದ ಡೈರಿ ಬಿತ್ತು. ಮುನಿರಾಜು ಉಸಿರು ಹಿಡಿದು ನಿಂತ.

"ಅವ್ವ," ಎಂದ, ಅಳು ತಡೆದುಕೊಂಡು, "ತೊಡೆ ಹೋಯ್ತಾ?"

ಲಿಂಗಮ್ಮ ಅವನ ತೋಳಿನಲ್ಲೇ ಬಲಗಾಲು ಆಡಿಸಿದರು. ಎಡಗಾಲನ್ನೂ ಆಡಿಸಿದರು. ಎರಡೂ ಸಲೀಸಾಗಿ ಆಡಿದವು.

"ನಂದಲ್ಲ ಕಣಪ್ಪ" ಎಂದರು, ಮೆಲ್ಲಗೆ. "ಅದು ನಿನ್ ಸೊಂಟ."