ದ ಬರೆಯುವಲ್ಲಿ ಡ ಬರೆದು

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರಿಗೆ ಒಂದು ಅನುಕೂಲವಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ನಾಚಿಕೆಯಾಗುವುದಿಲ್ಲ. ತೊಂದರೆ ಬರುವುದು ಸ್ವಲ್ಪ ಗೊತ್ತಾದ ಮೇಲೆ. ನನಗೆ ಈಗ ಲ್ಯಾಟಿನ್ ಸ್ವಲ್ಪ ಗೊತ್ತು. ಮೂರು ಶಬ್ದ.

ನನ್ನ ಪುಳ್ಳಿ, ಎಂದರೆ ಮಗಳ ಮಗಳು ಶ್ರಾವ್ಯ, ಫಿಲಿಪೈನ್ಸಿನಲ್ಲಿ ಡಾಕ್ಟರಿಕೆ ಕಲಿತು ಬಂದಿದ್ದಾಳೆ. ಅವಳು ಹೊರಟಾಗಲೇ ನಮ್ಮ ಅಜ್ಜಾವರದ ಮಹಿಳಾ ಸಂಘದಲ್ಲಿ ಲಲಿತಕ್ಕ ಹೇಳಿದ್ದರು, "ಇಲ್ಲಿ ಸೀಟು ಸಿಗದವರು ಅಲ್ಲಿಗೆ ಹೋಗುದು. ಹೇಗಾದರೂ ಪಾಸು ಮಾಡ್ತಾರೆ ಬಿಡಿ." ಆರು ವರ್ಷ ಆ ಮಾತು ಮೀನಿನ ಮುಳ್ಳಿನ ಹಾಗೆ ನನ್ನ ಗಂಟಲಲ್ಲಿತ್ತು. ಹಾಗಾಗಿ ಸರ್ಟಿಫಿಕೇಟು ಬಿಚ್ಚಿದ ಕೂಡಲೇ, "ಇದರಲ್ಲಿ ಎಂತ ಬರೆದದ್ದು, ಓದು" ಎಂದೆ.

"ಸುಮ್ಮ ಕುಂ ಲೌದೆ," ಎಂದಳು.

ನಾನು ಸರ್ಟಿಫಿಕೇಟನ್ನು ಅವಳ ಕೈಯಿಂದ ಎಳೆದುಕೊಂಡೆ. "ಆರು ವರ್ಷ ಓದಿದ್ದು ಸುಮ್ಮನೆ ಅಂತ ಬರೆದು ಕೊಟ್ಟದ್ದಾ?"

"ಅಲ್ಲ ಅಜ್ಜಿ, ಅದು ಲ್ಯಾಟಿನ್. ಸುಮ್ಮ ಅಂದ್ರೆ ಎಲ್ಲದಕ್ಕಿಂತ ಮೇಲಿನದ್ದು. ಕುಂ ಅಂದ್ರೆ ಒಟ್ಟಿಗೆ. ಲೌದೆ ಅಂದ್ರೆ ಹೊಗಳಿಕೆ. ಎಲ್ಲದಕ್ಕಿಂತ ದೊಡ್ಡ ಹೊಗಳಿಕೆಯೊಟ್ಟಿಗೆ ಪಾಸು."

ನಾನು ಇನ್ನೊಮ್ಮೆ ಹೇಳಿಸಿ, ಹಳೇ ಕ್ಯಾಲೆಂಡರಿನ ಹಾಳೆ ಹರಿದು ಬರೆದುಕೊಂಡೆ. ಆ ಭಾಷೆಯಲ್ಲಿ ಥ್ಯಾಂಕ್ಸಿಗೆ ಏನು ಎಂದೂ ಕೇಳಿದೆ. ಗ್ರಾತ್ಸಿಯಾಸ್ ಅಂತೆ. ಅದು ಹಲ್ಲು ಗಟ್ಟಿ ಇರುವವರಿಗೆ ಎಂದು ಬಿಟ್ಟುಬಿಟ್ಟೆ. ನಮ್ಮ ಮನೆಯಲ್ಲಿ ಹೇಗೂ ಅದನ್ನು ಬಾಯಲ್ಲಿ ಹೇಳುವ ಕ್ರಮವಿಲ್ಲ. ಇನ್ನೊಂದು ದೋಸೆ ಕೇಳಿ ಹಾಕಿಸಿಕೊಂಡರೆ ಅದೇ ಥ್ಯಾಂಕ್ಸ್.

ಮರುದಿನ ಸಂಘದ ಸಭೆ. ಅದಕ್ಕೆ ಮೊದಲು ಒಮ್ಮೆ ಹೇಳಿ ನೋಡೋಣವೆಂದು, ಬೆಳಿಗ್ಗೆ ಹಾಲಿನ ಸೊಸೈಟಿಯಲ್ಲಿ ಚೀಟಿ ಬಿಡಿಸಿ ಗಟ್ಟಿಯಾಗಿ ಓದಿದೆ. ಹಾಲು ಅಳೆಯುತ್ತಿದ್ದ ಕುಶಾಲಪ್ಪಣ್ಣನ ಕೈ ಅಲ್ಲೇ ನಿಂತಿತು. "ಅಲ್ಲ ಮಾರಾಯ್ರೆ, ಈ ಪ್ರಾಯದಲ್ಲಿ ಯಾರಿಗೆ ಬೈಯುದು ನೀವು?"

ಚೀಟಿ ನೋಡಿಕೊಂಡೆ. ದ ಬರೆಯುವಲ್ಲಿ ಡ ಬರೆದಿದ್ದೆ. ಲ್ಯಾಟಿನ್ ಗೊತ್ತಿಲ್ಲದವರ ಕಿವಿಗೆ ಅದು ಬೇಲಿ ಜಗಳದಲ್ಲಿ ಹೆಂಗಸರಿಗೆ ಬೈಯುವ ಶಬ್ದವೇ. ಲಲಿತಕ್ಕನ ಮುಂದೆ ಹಾಗೆ ಬಂದಿದ್ದರೆ ಪುಳ್ಳಿಯ ಡಿಗ್ರಿಯೂ ನನ್ನ ಮರ್ಯಾದೆಯೂ ಒಟ್ಟಿಗೆ ಹೋಗುತ್ತಿತ್ತು. ಮನೆಗೆ ಬಂದು ಮಧ್ಯಾಹ್ನದವರೆಗೆ ದನ, ದಾರ, ದೋಸೆ, ಲೌದೆ ಎಂದು ಬಾಯಿಪಾಠ ಮಾಡಿದೆ. ಹಟ್ಟಿಯ ದನ ಎರಡು ಸಲ ಓಗೊಟ್ಟಿತು.

ಸಭೆಯಲ್ಲಿ ಎದ್ದು ನಿಂತು ಹೇಳಿದೆ. ದ ಸರಿಯಾಗಿ ಬಿತ್ತು. ಅರ್ಥವನ್ನೂ ಬಿಡಿಸಿ ಹೇಳಿದೆ. ಲಲಿತಕ್ಕ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. ಮತ್ತೆ, "ನನ್ನ ಮೊಣಗಂಟು ಒಮ್ಮೆ ನೋಡ್ತಾಳಾ ಕೇಳಿ" ಎಂದರು. ಲ್ಯಾಟಿನ್ನಿನಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇರಲಾರದು.

ಅಂದಿನಿಂದ ಸುಳ್ಯದ ಬಸ್ಸಿನಲ್ಲಿ, ರೇಷನ್ ಅಂಗಡಿಯಲ್ಲಿ ಎಲ್ಲರಿಗೂ ಹೇಳಿ ಮುಗಿಸಿದ್ದೇನೆ. ಮೊನ್ನೆ ಪುತ್ತೂರಿನಲ್ಲಿ ಕಣ್ಣಿನ ಡಾಕ್ಟರು ಬೋರ್ಡಿನ ಅಕ್ಷರ ಓದಿ ಎಂದಾಗಲೂ ನನ್ನ ಬಾಯಿಗೆ ಬಂದದ್ದು ಅದೇ. ಜೊತೆಗಿದ್ದ ಪುಳ್ಳಿ ಮೆಲ್ಲಗೆ, "ಅಜ್ಜಿ, ಇನ್ನು ಸುಮ್ಮ ಕೂತ್ಕೊಳ್ಳಿ" ಎಂದಳು. ಅದರಲ್ಲಿ ಸುಮ್ಮ ಎಂಬುದನ್ನು ನಾನು ಲ್ಯಾಟಿನ್ ಎಂದೇ ತಿಳಿದುಕೊಂಡು ಡಾಕ್ಟರಿಗೆ ಅರ್ಥ ಹೇಳತೊಡಗಿದೆ.