ಏಳನೆಯ ಕತೆಯ ಕೊಲೆಗಾರ

ಕೊಲೆಗಾರನ ಹೆಸರು ನೂರಾ ಹನ್ನೆರಡನೆಯ ಪುಟದಲ್ಲಿ, ಕೆಳಗಿನಿಂದ ಮೂರನೆಯ ಸಾಲಿನಲ್ಲಿದೆ. ಅಲ್ಲಿಯವರೆಗೆ ಅದು ಹೊರಬೀಳದಂತೆ ಕಾಯುವುದೊಂದೇ ಪತ್ತೇದಾರಿ ಬರೆಯುವವರ ಕಸುಬು. ನನಗಂತೂ ಬೇರೆ ಕಸುಬು ಗೊತ್ತಿಲ್ಲ. ಪ್ರೇಮಪ್ರಸಂಗ ಬರೆದರೆ ಅದು ಪಂಚನಾಮೆಯಂತೆ ಕಾಣುತ್ತದೆ. ಎರಡು ಕಾದಂಬರಿ ಬಂದ ಮೇಲೆ ಪ್ರಕಾಶಕರು, “ಜನಕ್ಕೆ ಪುರುಸೊತ್ತಿಲ್ಲ ಮೇಡಂ, ಸಣ್ಣಕತೆ ಕೊಡಿ” ಎಂದರು. ಸಣ್ಣದಲ್ಲವೇ, ಬೇಗ ಮುಗಿದೀತು ಎಂದುಕೊಂಡೆ. ಕಾದಂಬರಿಯೆಂದರೆ ದೊಡ್ಡ ವಾಡೆ. ಕೊಲೆಗಾರನನ್ನು ಯಾವುದೋ ಮೂಲೆಯ ಕೋಣೆಯಲ್ಲಿ ಕೂರಿಸಿ ನೂರು ಪುಟ ಚಹಾ ಕುಡಿಸುತ್ತಿರಬಹುದು. ಸಣ್ಣಕತೆ ಒಂದೇ ಕೋಣೆಯ ಬಾಡಿಗೆ ಮನೆ. ಇರುವವರೇ ನಾಲ್ವರು. ಒಬ್ಬರು ಸತ್ತಿರುತ್ತಾರೆ, ಒಬ್ಬರು ಪತ್ತೆ ಮಾಡುತ್ತಿರುತ್ತಾರೆ. ಉಳಿದಿಬ್ಬರನ್ನು ಎಲ್ಲಿ ಬಚ್ಚಿಡುವುದು?

ಸಂಕಲನದ ಏಳನೆಯ, ಕೊನೆಯ ಕತೆಯ ಎರಡು ಪುಟ ಓದಿ ಅವ್ವ, “ಆ ಕಾಂಪೌಂಡರನೇ ಕೊಂದಾನ ತಗೋ. ಇಬ್ಬರೊಳಗ ಒಬ್ಬಾವ, ಇದಕ್ಕ ಪತ್ತೇದಾರ ಯಾಕ ಬೇಕು?” ಎಂದಳು. ಆದರೆ ಕೊನೆಗೆ ಸಿಕ್ಕಿಬಿದ್ದವನು ಸತ್ತ ಸಾವ್ಕಾರನ ಅಳಿಯ. ಅವ್ವ ಸೋತಿದ್ದಳು. ಅದೇ ಖುಷಿಯಲ್ಲಿ ಪುಸ್ತಕವನ್ನು ಅಚ್ಚಿಗೆ ಕೊಟ್ಟೆ.

ಬರೆದರಷ್ಟೇ ಸಾಲದು, ಪ್ರಚಾರವನ್ನೂ ಲೇಖಕಿಯೇ ಮಾಡಬೇಕಂತೆ. ಒಂದು ವಿಡಿಯೊ ಕಳಿಸಿ ಎಂದರು ಪ್ರಕಾಶಕರು. ಕಲಬುರಗಿ ಅಂಚಿನ ಕೋಟನೂರಿನ ನಮ್ಮ ಮನೆಯ ಮಾಳಿಗೆ ಮೇಲೆ ಫೋನಿನೆದುರು ನಿಂತು ಹನ್ನೊಂದು ಸಲ “ನಮಸ್ಕಾರ” ಎಂದೆ. ಮುಂದಿನ ಮಾತು ಒಂದು ಸಲವೂ ಬರಲಿಲ್ಲ. ಹಾಗಾಗಿ ಕಮಲಾಪುರದ ಓದುಗರ ಬಳಗವೊಂದು ಕರೆದಾಗ ಕೂಡಲೇ ಒಪ್ಪಿಕೊಂಡೆ. ಪುಸ್ತಕದ ಪರಿಚಯ ಮಾಡಲು ನಿವೃತ್ತ ಮಾಸ್ತರೊಬ್ಬರು ಇದ್ದರು. ನಾನು ಶಾಲು ಹೊದ್ದು ಕೂತರೆ ಸಾಕಿತ್ತು.

ಮಾಸ್ತರು ಪುಸ್ತಕವನ್ನು ಎರಡು ಸಲ ಓದಿ, ಅಂಚಿನಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿಕೊಂಡು ಬಂದಿದ್ದರು. ಅಷ್ಟು ಶ್ರದ್ಧೆಯಿಂದ ನನ್ನನ್ನು ಯಾರೂ ಓದಿರಲಿಲ್ಲ. ಅವರು ಮೈಕ್ ಹಿಡಿದು, “ಮೊದಲನೇ ಕತಿಯೊಳಗ ಕೊಂದಾಕಿ ಅತ್ತಿಗಿ, ಪುಟ ಹದಿನೆಂಟು. ಎರಡನೇದ್ರಾಗ ವಾಚ್‌ಮನ್, ಪುಟ ಮೂವತ್ತಾರು. ಬರಕೊಳ್ಳೋರು ಬರಕೊಳ್ರಿ” ಎಂದರು. ಮುಂದಿನ ಸಾಲಿನಲ್ಲಿ ಒಬ್ಬರು ನಿಜಕ್ಕೂ ಬರೆದುಕೊಂಡರು. ಎದ್ದು ತಡೆಯಬೇಕಿತ್ತು. ನಾನು ಶಾಲಿನ ಗೊಂಡೆ ಎಣಿಸುತ್ತ ಕೂತೆ. ಆರು ಕೊಲೆಗಾರರು ಒಬ್ಬೊಬ್ಬರಾಗಿ ಹೊರಬಂದ ಮೇಲೆ ಧೈರ್ಯ ಮಾಡಿ ಒಂದು ಚೀಟಿ ಬರೆದು ದಾಟಿಸಿದೆ. ಮಾಸ್ತರು ಅದನ್ನು ಮೈಕಿನಲ್ಲೇ ಓದಿದರು.

“‘ದಯವಿಟ್ಟು ಕೊಲೆಗಾರ ಯಾರೆಂದು ಹೇಳಬೇಡಿ’ ಅಂತ ಬರದಾರ್ರಿ. ಎಂಥಾ ವಿನಯ ನೋಡ್ರಿ! ಆತು, ಏಳನೇದು ನಾ ಹೇಳಂಗಿಲ್ಲ. ಕಾಂಪೌಂಡರ್ ಅಲ್ಲ, ಅಷ್ಟೇ ಹೇಳ್ತೀನಿ.”

ಕತೆಯಲ್ಲಿ ಶಂಕಿತರು ಇದ್ದವರೇ ಇಬ್ಬರು. ಸಭೆ ಚಪ್ಪಾಳೆ ತಟ್ಟಿತು.

ಆಗ ಹಿಂದಿನ ಸಾಲಿನಿಂದ ಬಾಳೆತೋಟದ ಹೆಂಗಸೊಬ್ಬರು ಎದ್ದು, “ಅಳಿಯ ಸಿಕ್ಕಿದ್ದು ಹ್ಯಾಂಗ್ರಿ?” ಎಂದು ಕೇಳಿದರು. ಮಾಸ್ತರು ಸಂತೋಷದಿಂದ ವಿವರಿಸಿದರು. ಕೊಲೆಯಾದಾಗ ತಾನು ಕಮಲಾಪುರದ ತೋಟದಲ್ಲಿದ್ದೆ, ಈ ಕೆಂಪುಬಾಳೆ ಗೊನೆ ಈಗಷ್ಟೇ ಕಡಿದು ತಂದದ್ದು ಎನ್ನುತ್ತಾನೆ ಅಳಿಯ. ಈಗ ಕಡಿದಿದ್ದರೆ ಕಾಯಿ ಹಸಿರಾಗಿರಬೇಕಿತ್ತು. ಕೆಂಪಗಿದೆ ಎಂದರೆ ಹಣ್ಣಾಗಿದೆ, ಬಜಾರಿನಲ್ಲಿ ಕೊಂಡದ್ದು ಎಂದು ಪತ್ತೇದಾರ ಅವನ ಸುಳ್ಳನ್ನು ಹಿಡಿಯುತ್ತಾನೆ.

ಆ ಹೆಂಗಸು ನನ್ನನ್ನೇ ನೋಡಿದರು. “ತಂಗಿ, ನಮ್ಮ ಬಾಳಿತೋಟ ನೋಡೀಯೇನವ್ವ?”

“ಇಲ್ರಿ.”

“ಕೆಂಪುಬಾಳಿ ಕಾಯಿದ್ದಾಗನೂ ಕೆಂಪೇ ಇರ್ತದ. ಹುಡುಗ ಖರೇನೇ ಹೇಳ್ಯಾನ. ಸುಮ್ಮಸುಮ್ಮನ ಜೇಲಿಗಿ ಹಾಕ್ಸಿದಿ ನೋಡು.”

ಆ ಕತೆಗಾಗಿ ನಾನು ರೈಲಿನ ವೇಳಾಪಟ್ಟಿ ನೋಡಿದ್ದೆ, ವಿಷದ ಪ್ರಮಾಣ ಲೆಕ್ಕ ಹಾಕಿದ್ದೆ, ಅಂದು ಚಂದ್ರ ಎಷ್ಟು ಹೊತ್ತಿಗೆ ಮೂಡುತ್ತಾನೆಂದು ಪಂಚಾಂಗ ತೆರೆದಿದ್ದೆ. ಕಲಬುರಗಿಯಿಂದ ಬಸ್ ಹತ್ತಿ ಒಂದು ತಾಸು ಕೂತಿದ್ದರೆ ಸಿಗುತ್ತಿದ್ದ ಬಾಳೆಕಾಯಿಯನ್ನು ಮಾತ್ರ ನೋಡಿರಲಿಲ್ಲ. ತಳ್ಳುಗಾಡಿಯ ಹಣ್ಣು ತಿಂದು ತೋಟದ ಕಾಯಿಯ ಬಣ್ಣ ಊಹಿಸಿದ್ದೆ.

“ಬಿಡ್ರಿ ಪಾಪ ಅವಗ!” ಎಂದು ಯಾರೋ ಕೂಗಿದರು. ಮಾಸ್ತರ ಮುಖ ಸಣ್ಣದಾಯಿತು. “ಹಂಗಾದ್ರ ನಾ ಹೇಳಿದ್ದು ಸುಳ್ಳಾತಲ್ರಿ. ಖರೇ ಕೊಂದಾಂವ ಯಾರು?”

ನಲವತ್ತು ಜನ ಉಸಿರು ಬಿಗಿಹಿಡಿದು ನನ್ನತ್ತ ನೋಡಿದರು. ಪತ್ತೇದಾರಿ ಬರೆಯುವವಳಿಗೆ ಇಂಥ ಮೌನ ಜೀವಮಾನಕ್ಕೊಮ್ಮೆ ಸಿಕ್ಕರೆ ಪುಣ್ಯ. ಅದನ್ನು ನಾನು “ಯೋಚಿಸಿ ತಿಳಿಸುತ್ತೇನೆ” ಎಂದು ಹಾಳು ಮಾಡಿದೆ. ಬರುವಾಗ ಆ ಹೆಂಗಸು ಒಂದು ಚಿಪ್ಪು ಬಾಳೆಕಾಯಿ ಕೈಗಿಟ್ಟರು. ಕಲ್ಲಿನಷ್ಟು ಗಟ್ಟಿ, ಕಡುಗೆಂಪು.

ಮರುದಿನ ಬೆಳಿಗ್ಗೆ ಅವ್ವ ಅವನ್ನು ಒತ್ತಿ ನೋಡಿ, ಎಲ್ಲ ಕೇಳಿಸಿಕೊಂಡು, “ಕಾಂಪೌಂಡರ್ ಅಂತ ನಾ ಅವತ್ತೇ ಹೇಳಿದ್ದಿಲ್ಲೇನು?” ಎಂದಳು. ನಾನು ಮೇಜಿನೆದುರು ಕೂತು ತಪ್ಪು-ಒಪ್ಪಿನ ಚೀಟಿ ಬರೆದೆ: “ಪುಟ ನೂರಾ ಹನ್ನೆರಡು, ಕೆಳಗಿನಿಂದ ಮೂರನೆಯ ಸಾಲು. ಕೊಲೆಗಾರ ಅಳಿಯನಲ್ಲ, ಕಾಂಪೌಂಡರ್. ಓದುಗರು ತಿದ್ದಿಕೊಳ್ಳಬೇಕಾಗಿ ವಿನಂತಿ.” ಮನೆಯಲ್ಲಿ ಉಳಿದಿದ್ದ ಪ್ರತಿಗಳನ್ನೆಲ್ಲ ಕೆಳಗಿಳಿಸಿ, ಯಾರ ಕಣ್ಣಿಗೂ ತಪ್ಪಬಾರದೆಂದು, ಒಂದೊಂದರ ಮೊದಲ ಪುಟಕ್ಕೂ ಅಂಟಿಸಿದೆ.